ಮಲೆನಾಡಿನ ಒಳದಾರಿಗೆ ಬೈಕ್ ಇಳಿಸುವ ಮುನ್ನ: ಸವೆದ ಟೈರ್ ಬದಲಿಸುವುದರಿಂದ ಘಾಟಿ ಹತ್ತುವವರೆಗೆ

ಸಾಗರದಿಂದ ಹೊರಟು ಶರಾವತಿ ಹಿನ್ನೀರಿನ ಸೇತುವೆ ದಾಟಿ, ತುಮರಿ, ನಿಟ್ಟೂರು, ಸಂಪೆಕಟ್ಟೆ, ನಗರ (ಹಳೆಯ ಬಿದನೂರು) ಎಂದು ಸಾಗುವ ದಾರಿಯೊಂದಿದೆ. ನಗರದಿಂದ ಮಾಸ್ತಿಕಟ್ಟೆಯ ಮೇಲೆ ಹಾದು ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಸಿದ್ದಾಪುರ. ಅಲ್ಲಿಂದ ಬೆಳ್ವೆಯ ಕಡೆಯಿಂದ ಹೆಬ್ರಿ ಸೇರಿ, ಸೋಮೇಶ್ವರದ ಬುಡದಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಬಂದರೆ ಒಂದು ಸುತ್ತು ಮುಗಿಯುತ್ತದೆ. ಒಟ್ಟು ದೂರ 200ರಿಂದ 250 ಕಿ.ಮೀ. ಹೆದ್ದಾರಿಯಲ್ಲಾದರೆ ಅರ್ಧ ದಿನದ ದಾರಿ. ಇಲ್ಲಿ ಅದಕ್ಕೆ ಎರಡು ದಿನ ಕೊಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ದಾರಿಯ ಬಗ್ಗೆ ಕೇಳುವವರು ಸಾಮಾನ್ಯವಾಗಿ ಎಲ್ಲಿ ಉಳಿಯಬೇಕು, ಎಲ್ಲಿ ಊಟ ಚೆನ್ನಾಗಿದೆ ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು ಟೈರಿನ ಸ್ಥಿತಿ. ಪೇಟೆಯ ನೇರ ರಸ್ತೆಯಲ್ಲಿ ಸವೆದ ಟೈರ್ ತನ್ನ ದೋಷ ತೋರಿಸುವುದೇ ಇಲ್ಲ. ಗಾಡಿ ಬಾಗಬೇಕಾದ ಜಾಗದಲ್ಲಿ, ಮಳೆ ಬಿದ್ದ ತಿರುವಿನಲ್ಲಿ ಅದು ಬಯಲಾಗುತ್ತದೆ. ಆ ಹೊತ್ತಿಗೆ ಹತ್ತಿರದ ಟೈರ್ ಅಂಗಡಿ ಮೂವತ್ತು ಕಿಲೋಮೀಟರ್ ಆಚೆ ಇರುತ್ತದೆ, ಮೊಬೈಲಿನಲ್ಲಿ ಸಿಗ್ನಲ್ ಇರುವುದಿಲ್ಲ.

ಟೈರ್ ನೋಡುವ ಬಗೆ

ಹೊರಡುವ ಮೂರು ವಾರ ಮೊದಲೇ ಈ ಕೆಲಸ ಮಾಡಿ. ಹಗಲು ಬೆಳಕಿನಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತ ಹೋಗಿ. ಟೈರಿನ ಪಕ್ಕದ ಗೋಡೆಯಲ್ಲಿ ಅಲ್ಲಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳೋ ಚಿಕ್ಕ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಮೇಲ್ಮೈಯಲ್ಲಿ ಕೊರೆದ ತೋಡುಗಳನ್ನು ನೋಡಿದರೆ ತಳದಲ್ಲಿ ರಬ್ಬರಿನ ಸಣ್ಣ ದಿಬ್ಬ ಕಾಣಿಸುತ್ತದೆ. ಟೈರ್ ಸವೆದು ಆ ದಿಬ್ಬಕ್ಕೆ ಸಮವಾಯಿತೆಂದರೆ ಆಯಸ್ಸು ಮುಗಿದಂತೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನದ ಟೈರಿನಲ್ಲಿ ಕನಿಷ್ಠ 0.8 ಮಿ.ಮೀ. ಆಳ ಉಳಿದಿರಬೇಕು. ಕಾನೂನಿಗೆ ಅದು ಸಾಕು, ಘಾಟಿಗೆ ಸಾಲದು. ಈ ತೋಡುಗಳ ಕೆಲಸ ಟೈರಿನಡಿಯ ನೀರನ್ನು ಪಕ್ಕಕ್ಕೆ ಒತ್ತಿ ಕಳಿಸುವುದು. ಆಳ ಕಡಿಮೆಯಾದಷ್ಟೂ ನೀರು ಅಡಿಯಲ್ಲೇ ಉಳಿದು ರಬ್ಬರು ರಸ್ತೆ ಮುಟ್ಟುವುದು ತಪ್ಪುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಕೆಲವು ವರ್ಷ ಹುಲಿಕಲ್ ಅದನ್ನೂ ಮೀರಿಸುತ್ತದೆ. ಅಂಥ ದಾರಿಗೆ 2 ಮಿ.ಮೀ. ಉಳಿದಾಗಲೇ ಟೈರ್ ಬದಲಿಸಿ. ಆಳ ಅಳೆಯುವ ಪುಟ್ಟ ಗೇಜು ಅಗ್ಗಕ್ಕೆ ಸಿಗುತ್ತದೆ.

ಆಳದಷ್ಟೇ ಮುಖ್ಯವಾದದ್ದು ಆಕಾರ. ದಿನವೂ ಕಚೇರಿಗೆ ನೇರ ರಸ್ತೆಯಲ್ಲಿ ಓಡಿದ ಹಿಂದಿನ ಟೈರ್ ನಡುವೆ ಮಾತ್ರ ಸವೆದು ಚಪ್ಪಟೆಯಾಗುತ್ತದೆ, ಅಂಚುಗಳಲ್ಲಿ ರಬ್ಬರು ಹೊಸದರಂತೆ ಉಳಿದಿರುತ್ತದೆ. ಹಿಂದೆ ನಿಂತು, ಕೂತು, ಕಣ್ಣನ್ನು ಟೈರಿನ ಮಟ್ಟಕ್ಕೆ ತಂದು ನೋಡಿ: ದುಂಡಗಿನ ಕಮಾನು ಕಾಣಬೇಕು. ನಡುವೆ ಸಮತಟ್ಟಾಗಿ ಎರಡು ಬದಿ ಮೂಲೆ ಎದ್ದಿದ್ದರೆ, ಗಾಡಿ ಬಾಗುವಾಗ ಆ ಮೂಲೆಯ ಮೇಲೆ ಹತ್ತಿ ಒಮ್ಮೆಲೇ ಆಚೆ ಬೀಳುತ್ತದೆ. ಹಿಮ್ಮುರಿ ತಿರುವಿನಲ್ಲಿ ಗಾಡಿ ಹೇಳಿದಂತೆ ಕೇಳುತ್ತಿಲ್ಲ ಎನಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸವಾರ ಮಾತ್ರ ತನ್ನ ಧೈರ್ಯವನ್ನೋ ಕೌಶಲವನ್ನೋ ದೂರುತ್ತಿರುತ್ತಾನೆ. ಮುಂದಿನ ಟೈರಿನ ರೋಗ ಬೇರೆ: ಮೇಲ್ಮೈ ಮೇಲೆ ಕೈ ಸವರಿದಾಗ ಏರಿಳಿತ ಸಿಕ್ಕರೆ ಗಾಳಿ ಕಡಿಮೆ ಇಟ್ಟು ಬಹಳ ದಿನ ಓಡಿಸಿದ್ದಿರಬಹುದು, ಇಲ್ಲವೇ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ದುರ್ಬಲವಾಗಿರಬಹುದು. ಟೈರ್ ಬದಲಿಸುವಾಗ ಫೋರ್ಕನ್ನೂ ತೋರಿಸಿ.

ಇನ್ನು ವಯಸ್ಸು. ಪಕ್ಕದ ಗೋಡೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 3522 ಎಂದಿದ್ದರೆ 2022ನೇ ಇಸವಿಯ 35ನೇ ವಾರ ತಯಾರಾದದ್ದು ಎಂದರ್ಥ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಕೂಲಂಕಷವಾಗಿ ನೋಡಬೇಕು. ಹತ್ತು ವರ್ಷವಾಗಿದ್ದರೆ ಎಷ್ಟೇ ಆಳ ಉಳಿದಿದ್ದರೂ ತೆಗೆದುಹಾಕಿ. ಬಿಸಿಲಿನಲ್ಲಿ ನಿಂತೇ ಇದ್ದ ಗಾಡಿಯ ಟೈರ್ ಇನ್ನೂ ಬೇಗ ಗಟ್ಟಿಯಾಗುತ್ತದೆ. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳೆದ್ದರೆ ಅದೇ ಸೂಚನೆ. ಒಂದು ಕಡೆ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ದಾರಗಳು ತುಂಡಾಗಿವೆ. ಅಂಥ ಟೈರಿನಲ್ಲಿ ಪ್ರವಾಸವಿರಲಿ, ಪೇಟೆಗೂ ಹೋಗಬೇಡಿ.

ಅಂಗಡಿಯಲ್ಲಿ ಏನು ಕೇಳಬೇಕು

ಹಳೆಯ ಟೈರಿನ ಮೇಲಿರುವುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. 100/90-17 55ಪಿ ಎಂದಿದ್ದರೆ ಅಗಲ 100 ಮಿ.ಮೀ., ಗೋಡೆಯ ಎತ್ತರ ಆ ಅಗಲದ ಶೇ. 90, ರಿಮ್ 17 ಇಂಚು. 55 ಎಂಬುದು ಭಾರದ ಸೂಚ್ಯಂಕ: ಆ ಟೈರ್ 218 ಕೆ.ಜಿ. ಹೊರಬಲ್ಲದು. ಪಿ ಎಂದರೆ ಗಂಟೆಗೆ 150 ಕಿ.ಮೀ. ವೇಗಕ್ಕೆ ತಕ್ಕದ್ದು. ಅಳತೆ ಅದೇ ಇರಲಿ, ಭಾರ ಮತ್ತು ವೇಗದ ಗುರುತು ಅದಕ್ಕಿಂತ ಕಡಿಮೆ ಇರುವುದು ಬೇಡ. ಹಿಂದೆ ಒಬ್ಬರು ಕೂತು, ಎರಡೂ ಬದಿ ಚೀಲ ಕಟ್ಟಿ ಹೋಗುವವರು ಭಾರದ ಸೂಚ್ಯಂಕವನ್ನು ತಪ್ಪದೆ ನೋಡಬೇಕು. ಚಂದಕ್ಕೆಂದು ಅಗಲದ ಟೈರ್ ಹಾಕಿಸುವುದು ಸಾಮಾನ್ಯ ಗೀಳು. ಕಿರಿದಾದ ರಿಮ್ಮಿನಲ್ಲಿ ಅದು ಹಿಂಡಿದಂತಾಗಿ ಆಕಾರ ಕೆಡುತ್ತದೆ, ಚೈನಿಗೋ ಮಡ್‌ಗಾರ್ಡಿಗೋ ಉಜ್ಜುವುದೂ ಉಂಟು.

ಮೇಲ್ಮೈಯಲ್ಲಿ ರಬ್ಬರಿನ ದೊಡ್ಡ ಕಟ್ಟೆಗಳೆದ್ದಿರುವ ಆಫ್‌ರೋಡ್ ಟೈರ್ ಮಲೆನಾಡಿಗೆ ಬೇಕು ಎಂದು ಹಲವರು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಇಲ್ಲಿನ ಒಳದಾರಿಗಳಲ್ಲಿ ಹೆಚ್ಚಿನವು ಡಾಂಬರು ಇಲ್ಲವೇ ಕಾಂಕ್ರೀಟು, ನಡುನಡುವೆ ಕಿತ್ತುಹೋದ ಜಲ್ಲಿ. ಕಟ್ಟೆಗಳ ಟೈರಿನಲ್ಲಿ ರಸ್ತೆ ಮುಟ್ಟುವ ರಬ್ಬರು ಕಡಿಮೆ, ಒದ್ದೆ ಡಾಂಬರಿನಲ್ಲಿ ಅದು ಜಾರುತ್ತದೆ. ನೀರು ಹೊರಹಾಕುವ ಆಳದ ತೋಡುಗಳಿರುವ ಸಾಧಾರಣ ರಸ್ತೆ ಟೈರೇ ಸಾಕು. ದಿನವೂ ಮಣ್ಣು ರಸ್ತೆಯಲ್ಲಿ ತೋಟಕ್ಕೆ ಹೋಗುವವರ ಲೆಕ್ಕ ಬೇರೆ.

ಕೊಳ್ಳುವಾಗ ಹೊಸ ಟೈರಿನ ತಾರೀಕನ್ನೂ ಓದಿ. ಅಂಗಡಿಯ ಅಟ್ಟದಲ್ಲಿ ಮೂರು ವರ್ಷ ಕೂತದ್ದಾದರೆ ಬೇರೆ ಕೊಡಿ ಎನ್ನಲು ಸಂಕೋಚ ಬೇಡ. ಕಡ್ಡಿಗಳಿರುವ ಚಕ್ರವಾದರೆ ಟೈರಿನ ಜತೆ ಹೊಸ ಟ್ಯೂಬು ತೆಗೆದುಕೊಳ್ಳಿ. ಹಿಗ್ಗಿದ ಹಳೆಯ ಟ್ಯೂಬು ಹೊಸ ಟೈರಿನೊಳಗೆ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ. ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್ ಇದ್ದರೆ ರಬ್ಬರಿನ ವಾಲ್ವನ್ನೂ ಬದಲಿಸಿ. ಟ್ಯೂಬ್‌ಲೆಸ್ ಟೈರನ್ನು ರಿಮ್ಮಿಗೆ ಕೂರಿಸಲು ಒಮ್ಮೆಲೇ ಜೋರಾಗಿ ಗಾಳಿ ನುಗ್ಗಬೇಕಾದ್ದರಿಂದ ಆ ಕೆಲಸವನ್ನು ಶಿವಮೊಗ್ಗದಂಥ ಊರಿನಲ್ಲಿ ಯಂತ್ರವಿರುವ ಅಂಗಡಿಗೇ ಬಿಡಿ, ಹಾಗೇ ಬ್ಯಾಲೆನ್ಸಿಂಗ್ ಮಾಡಿಸಿ. ಟ್ಯೂಬ್ ಇರುವ ಚಕ್ರವನ್ನಾದರೆ ಮನೆಯಂಗಳದಲ್ಲೇ ಮಾಡಬಹುದು. ಒಮ್ಮೆ ಕಲಿತರೆ ನಿಟ್ಟೂರಿನಾಚೆ ಕಾಡಿನ ನಡುವೆ ಪಂಕ್ಚರ್ ಆದಾಗಲೂ ಅದೇ ವಿದ್ಯೆ ಕೈಹಿಡಿಯುತ್ತದೆ.

ಹಿಂದಿನ ಚಕ್ರ ಬಿಚ್ಚಿ ಟೈರ್ ಹಾಕುವುದು

ಬೇಕಾದ ಸಾಮಾನು: ಆಕ್ಸಲ್ (ಚಕ್ರದ ನಡುವಿನ ಅಚ್ಚು) ನಟ್ಟಿಗೆ ಹೊಂದುವ ಪಾನಾ, ಕಟಿಂಗ್ ಪ್ಲೈಯರ್, ಟೈರ್ ಲಿವರ್ ಮೂರು, ವಾಲ್ವ್ ಪಿನ್ ತೆಗೆಯುವ ಚಾವಿ, ಸಾಬೂನು ನೀರು, ಟಾಲ್ಕಂ ಪೌಡರ್, ಪಂಪು, ಗಾಳಿ ಗೇಜು. ಲಿವರ್ ಬದಲು ಸ್ಕ್ರೂಡ್ರೈವರ್ ಬಳಸಬೇಡಿ, ಟ್ಯೂಬು ತೂತಾಗುವುದು ಖಚಿತ.

1. ಗಾಡಿಯನ್ನು ಗಟ್ಟಿ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಡ್ರಮ್ ಬ್ರೇಕ್ ಆದರೆ ಬ್ರೇಕ್ ರಾಡಿನ ತುದಿಯ ನಟ್ಟು ತೆಗೆದು ರಾಡ್ ಬಿಡಿಸಿ, ಬ್ರೇಕ್ ತಟ್ಟೆಯನ್ನು ಹಿಡಿದಿರುವ ಪಟ್ಟಿಯ ಬೋಲ್ಟು ಬಿಚ್ಚಿ. ಅದಕ್ಕೆ ಸ್ಪ್ಲಿಟ್ ಪಿನ್ ಇದ್ದರೆ ಹೊಸದನ್ನು ತಂದಿಟ್ಟುಕೊಂಡಿರಿ. ಡಿಸ್ಕ್ ಆದರೆ ಚಕ್ರ ಹೊರಬಂದ ಮೇಲೆ ಬ್ರೇಕ್ ಒತ್ತಲೇಬಾರದು. ಪ್ಯಾಡುಗಳ ನಡುವೆ ಮರದ ಚಕ್ಕೆಯೋ ರಟ್ಟೋ ಸಿಕ್ಕಿಸಿ. 2019ರ ಏಪ್ರಿಲ್‌ನಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ಬೈಕುಗಳಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿರುವುದರಿಂದ ನಿಮ್ಮ ಗಾಡಿಯಲ್ಲೂ ಚಕ್ರದ ಬಳಿ ಸೆನ್ಸರ್ ಮತ್ತು ಹಲ್ಲಿನ ಬಳೆ ಇರಬಹುದು. ಅವಕ್ಕೆ ಲಿವರ್ ತಾಗದಂತೆ ನೋಡಿಕೊಳ್ಳಿ, ಆ ಬದಿಯನ್ನು ನೆಲಕ್ಕೆ ಊರಿ ಒತ್ತಬೇಡಿ.

2. ಆಕ್ಸಲ್ ನಟ್ಟು ತೆಗೆದು ಆಕ್ಸಲ್ಲನ್ನು ಎಳೆಯಿರಿ. ಬದಿಯಲ್ಲಿ ಬೀಳುವ ಬುಶ್ ಯಾವ ಕಡೆಯದು, ಯಾವ ಮುಖ ಒಳಗಿತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಲವು ಗಾಡಿಗಳಲ್ಲಿ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಚೈನಿನ ಸಮೇತ ಅಲ್ಲೇ ಉಳಿದು ಚಕ್ರ ಮಾತ್ರ ಪಕ್ಕಕ್ಕೆ ಸರಿದು ಬರುತ್ತದೆ. ಆಗ ನಡುವಿನ ರಬ್ಬರ್ ತುಂಡುಗಳನ್ನೂ ನೋಡಿ, ಪುಡಿಯಾಗಿದ್ದರೆ ಬದಲಿಸಿ. ಬೇರೆ ಗಾಡಿಗಳಲ್ಲಿ ಚಕ್ರವನ್ನು ಮುಂದಕ್ಕೆ ತಳ್ಳಿ ಚೈನನ್ನು ಸ್ಪ್ರಾಕೆಟ್ಟಿನಿಂದ ಇಳಿಸಬೇಕು.

3. ವಾಲ್ವ್ ಪಿನ್ ಪೂರ್ತಿ ತೆಗೆದು ಗಾಳಿ ಬಿಡಿ. ಟೈರಿನ ಅಂಚು ರಿಮ್ಮಿಗೆ ಕಚ್ಚಿರುತ್ತದೆ. ರಿಮ್ಮಿನ ಪಕ್ಕದಲ್ಲೇ ಹಿಮ್ಮಡಿ ಇಟ್ಟು ಮೈಭಾರ ಹಾಕಿ ಒತ್ತುತ್ತ ಸುತ್ತಲೂ ಬನ್ನಿ. ಬಿಡದಿದ್ದರೆ ಸಾಬೂನು ನೀರು ಸುರಿದು ಸ್ವಲ್ಪ ಹೊತ್ತು ಬಿಡಿ. ಎರಡೂ ಬದಿ ಸಡಿಲವಾಗಬೇಕು.

4. ಈ ಕೆಲಸದ ಗುಟ್ಟೆಲ್ಲ ಇರುವುದು ಇಲ್ಲಿ. ರಿಮ್ಮಿನ ನಟ್ಟನಡುವೆ ಒಂದು ತಗ್ಗು ಇದೆ. ನೀವು ಲಿವರ್ ಹಾಕುವ ಜಾಗಕ್ಕೆ ಸರಿಯಾಗಿ ಎದುರು ಬದಿಯಲ್ಲಿ ಟೈರಿನ ಅಂಚನ್ನು ಆ ತಗ್ಗಿಗೆ ಒತ್ತಿ ಮಂಡಿಯೂರಿ ಹಿಡಿದುಕೊಳ್ಳಿ. ಆಗ ಈ ಬದಿಯಲ್ಲಿ ಅಂಚಿಗೆ ಸಡಿಲ ಸಿಗುತ್ತದೆ, ಲಿವರ್ ಸಲೀಸಾಗಿ ಏಳುತ್ತದೆ. ಬಲ ಹಾಕಬೇಕಾಗಿ ಬಂತೆಂದರೆ ಎದುರು ಬದಿಯ ಅಂಚು ತಗ್ಗಿನಿಂದ ಮೇಲೆದ್ದಿದೆ ಎಂದೇ ಅರ್ಥ. ಎರಡೆರಡು ಇಂಚು ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಕೀಳುತ್ತ ಬನ್ನಿ.

5. ಒಂದು ಬದಿ ಹೊರಬಂದ ಮೇಲೆ ಟ್ಯೂಬು ಎಳೆದು, ಮತ್ತೊಂದು ಬದಿಯನ್ನೂ ಬಿಡಿಸಿ ಟೈರ್ ತೆಗೆಯಿರಿ. ರಿಮ್ಮಿನ ತುಕ್ಕನ್ನು ಉಜ್ಜಿ. ಕಡ್ಡಿಗಳ ತಲೆ ಮುಚ್ಚುವ ರಬ್ಬರ್ ಪಟ್ಟಿ ಹರಿದಿದ್ದರೆ ಹೊಸದು ಹಾಕಿ. ಯಾವುದಾದರೂ ಕಡ್ಡಿಯ ತುದಿ ಮೇಲೆ ಚುಚ್ಚಿಕೊಂಡಿದ್ದರೆ ಅರದಿಂದ ನುಣುಪು ಮಾಡಿ. ಪಂಕ್ಚರಿಗಾಗಿ ಬಿಚ್ಚಿದ್ದರೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ. ಮುಳ್ಳೋ ಮೊಳೆಯೋ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಗಾಯವಾಗುವುದಿಲ್ಲ.

6. ಹೊಸ ಟೈರಿನ ಪಕ್ಕದಲ್ಲಿ ಚಕ್ರ ತಿರುಗುವ ದಿಕ್ಕಿಗೆ ಬಾಣದ ಗುರುತಿರುತ್ತದೆ, ಅದನ್ನು ಎರಡು ಸಲ ನೋಡಿ. ಹಳದಿ ಚುಕ್ಕೆ ಇದ್ದರೆ ಅದು ವಾಲ್ವಿನ ಪಕ್ಕ ಬರಲಿ. ಟೈರಿನ ಹಗುರ ಭಾಗ ಅದು. ಮೊದಲ ಅಂಚನ್ನು ಸಾಬೂನು ನೀರು ಹಚ್ಚಿ ಕೈಯಿಂದಲೇ ದಬ್ಬಿ. ಟ್ಯೂಬಿಗೆ ಪೌಡರ್ ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ಹಾಕಿ ಒಳಗೆ ಸೇರಿಸಿ, ವಾಲ್ವನ್ನು ತೂತಿನಿಂದ ಹೊರತಂದು ನಟ್ಟನ್ನು ತುದಿಯಲ್ಲೇ ಎರಡು ಸುತ್ತು ಹಾಕಿ ಬಿಡಿ.

7. ಎರಡನೇ ಅಂಚನ್ನು ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಬಳಿ ಮುಗಿಸಿ. ವಾಲ್ವಿನ ಹತ್ತಿರ ಟ್ಯೂಬು ದಪ್ಪವಾಗಿರುವುದರಿಂದ ಅಲ್ಲಿ ಅಂಚು ತಗ್ಗಿಗೆ ಇಳಿಯುವುದಿಲ್ಲ. ಅಲ್ಲಿಂದ ಶುರುಮಾಡಿದವರು ಕೊನೆಯಲ್ಲಿ ಲಿವರಿನ ಮೇಲೆ ಬಲ ಹಾಕಿ ಟ್ಯೂಬು ಚಿವುಟುತ್ತಾರೆ. ಮುಗಿದ ಮೇಲೆ ವಾಲ್ವನ್ನು ಒಮ್ಮೆ ಒಳಗೆ ತಳ್ಳಿ ಬಿಡಿ, ಅಂಚಿನಡಿ ಸಿಕ್ಕಿದ್ದ ಟ್ಯೂಬು ಸರಿಯುತ್ತದೆ.

8. ಗಾಳಿ ತುಂಬಿ, ಚಕ್ರವನ್ನು ನೆಲಕ್ಕೆ ಸುತ್ತಲೂ ಕುಟ್ಟಿ, ಗಾಳಿ ಪೂರ್ತಿ ಬಿಟ್ಟು ಮತ್ತೆ ತುಂಬಿ. ಟ್ಯೂಬಿನ ಮಡಿಕೆಗಳು ಬಿಡುವುದು ಈ ಎರಡನೇ ಸಲದಲ್ಲಿ. ರಿಮ್ಮಿನ ಪಕ್ಕ ಟೈರಿನ ಮೇಲೆ ತೆಳ್ಳಗಿನ ಗೆರೆಯೊಂದು ಸುತ್ತಲೂ ಇರುತ್ತದೆ. ಅದು ರಿಮ್ಮಿನಿಂದ ಎಲ್ಲ ಕಡೆ ಒಂದೇ ದೂರದಲ್ಲಿದ್ದರೆ ಟೈರ್ ಸರಿಯಾಗಿ ಕೂತಿದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮುಚ್ಚಳದ ಕಡೆಗೆ ಬಿಗಿಯಿರಿ. ಟೈರ್ ರಿಮ್ಮಿನ ಮೇಲೆ ಜಾರಿದರೆ ವಾಲ್ವ್ ವಾಲಿದ್ದು ಕಣ್ಣಿಗೆ ಬೀಳುತ್ತದೆ, ಬುಡದಲ್ಲಿ ಕಿತ್ತುಬರುವ ಮೊದಲೇ ಸರಿಮಾಡಬಹುದು.

9. ಚಕ್ರ ಮರಳಿ ಏರಿಸಿ. ಚೈನ್ ಬಿಗಿಗೊಳಿಸುವ ಗುರುತುಗಳು ಎರಡೂ ಬದಿ ಒಂದೇ ಗೆರೆಯಲ್ಲಿರಲಿ, ಚೈನಿನ ಸಡಿಲ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟಿರಲಿ. ಬ್ರೇಕ್ ಪಟ್ಟಿಯ ಬೋಲ್ಟನ್ನು ಮರೆಯುವುದು ಎಲ್ಲಕ್ಕಿಂತ ಅಪಾಯದ ಮರೆವು. ಅದಿಲ್ಲದೆ ಬ್ರೇಕ್ ಒತ್ತಿದರೆ ಇಡೀ ತಟ್ಟೆ ತಿರುಗಿ ಚಕ್ರ ಕಚ್ಚಿಕೊಳ್ಳುತ್ತದೆ. ಡಿಸ್ಕ್ ಇದ್ದರೆ ಗಾಡಿ ಕದಲಿಸುವ ಮುಂಚೆ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ.

ಹೊಸ ಟೈರಿನ ಮೇಲ್ಮೈ ನುಣುಪು. ಮೊದಲ 150 ಕಿ.ಮೀ. ಒಣ ರಸ್ತೆಯಲ್ಲಿ, ಜೋರು ಬ್ರೇಕ್ ಇಲ್ಲದೆ, ದಿನದಿನಕ್ಕೆ ಬಾಗುವುದನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಓಡಿಸಿ. ಮೂರು ವಾರ ಮೊದಲು ನೋಡಿ ಎಂದು ಹೇಳಿದ್ದು ಇದಕ್ಕೇ. ಹೊರಡುವ ಹಿಂದಿನ ಸಂಜೆ ಟೈರ್ ಹಾಕಿಸಿ ಮರುದಿನ ಹುಲಿಕಲ್ ಇಳಿಯುವುದು ಬೇಡ.

ದಾರಿಯಲ್ಲಿ

ಬೆಳಿಗ್ಗೆ ಎಂಜಿನ್ ಶುರುಮಾಡುವ ಮುನ್ನ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಎಷ್ಟಿರಬೇಕೆಂಬುದು ಚೈನಿನ ಬಳಿಯ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಒಬ್ಬರಿಗೆ ಒಂದು ಲೆಕ್ಕ, ಇಬ್ಬರಿಗೆ ಇನ್ನೊಂದು. ಹಿಡಿತ ಸಿಗಲಿ ಎಂದು ಮಳೆಯಲ್ಲಿ ಗಾಳಿ ಇಳಿಸುವವರಿದ್ದಾರೆ. ಡಾಂಬರಿನಲ್ಲಿ ಅದು ತಪ್ಪು: ಗಾಳಿ ಕಡಿಮೆಯಾದರೆ ತೋಡುಗಳು ಮುಚ್ಚಿಕೊಂಡು ನೀರು ಹೊರಹೋಗುವುದೇ ಕಡಿಮೆಯಾಗುತ್ತದೆ. ಪೆಟ್ರೋಲನ್ನು ಸಾಗರದಲ್ಲೇ ತುಂಬಿಸಿ, ನಕಾಶೆಯನ್ನು ಮೊಬೈಲಿನಲ್ಲಿ ಇಳಿಸಿಟ್ಟುಕೊಳ್ಳಿ.

ಸಾಗರದಿಂದ ಸಿಗಂದೂರಿಗೆ ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆದಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಿಂದ ಆಚೆ ದಡದ ಕರೂರು ಸೀಮೆಯ ಜನ ದಶಕಗಟ್ಟಲೆ ದ್ವೀಪದವರಂತೆ ಬದುಕಿದರು. ಸೇತುವೆ ಮೊದಲು ಅವರದು, ಆಮೇಲೆ ನಮ್ಮದು. ಅದರ ಮೇಲೆ ಅಡ್ಡಾದಿಡ್ಡಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತ ಅವರ ದಾರಿ ಕಟ್ಟಬೇಡಿ. ಹಿನ್ನೀರಿನ ಮೇಲೆ ಗಾಳಿ ಬಲವಾಗಿ ಬೀಸುತ್ತದೆ, ಹಗುರ ಗಾಡಿಯವರು ಹ್ಯಾಂಡಲ್ ಗಟ್ಟಿ ಹಿಡಿಯಿರಿ.

ತುಮರಿಯಿಂದ ನಿಟ್ಟೂರಿನವರೆಗೆ ರಸ್ತೆ ಕಿರಿದು, ತಿರುವಿನಾಚೆ ಕಾಣುವುದಿಲ್ಲ. ಪ್ರತಿ ತಿರುವಿನಲ್ಲೂ ಎದುರಿಗೆ ಬಸ್ಸು ಇದೆ ಎಂದುಕೊಂಡೇ ಎಡಕ್ಕಿರಿ. ಜುಲೈ, ಆಗಸ್ಟಿನ ನಾಟಿ ಕಾಲದಲ್ಲಿ ಗದ್ದೆಯಿಂದ ಬಂದ ಟ್ರ್ಯಾಕ್ಟರ್ ಕೆಸರು ರಸ್ತೆಗೆ ಬಳಿದಿರುತ್ತದೆ. ಮರಗಳ ನೆರಳಿನಲ್ಲಿ ಡಾಂಬರಿನ ಅಂಚಿಗೆ ಪಾಚಿ ಹಸಿರುಗಟ್ಟುತ್ತದೆ. ಚಕ್ರಗಳು ಉಜ್ಜಿದ ಕಪ್ಪು ಜಾಡಿನಲ್ಲೇ ಹೋಗಿ. ಒದ್ದೆ ಬಿದಿರೆಲೆ ಬಿದ್ದಲ್ಲಿ ಬ್ರೇಕ್ ಮುಟ್ಟಬೇಡಿ, ಅದಕ್ಕೂ ಮೊದಲೇ ವೇಗ ಇಳಿಸಿರಿ. ನಗರದಲ್ಲಿ ಗಾಡಿ ನಿಲ್ಲಿಸಿ ಬಿದನೂರಿನ ಕೋಟೆ ಹತ್ತಿ. ಕೆಳದಿ ಅರಸರ ಈ ರಾಜಧಾನಿಯನ್ನು ಹೈದರಾಲಿ 1763ರಲ್ಲಿ ಗೆದ್ದ. ಎಂಜಿನ್ನಿಗೂ ಬೆನ್ನಿಗೂ ವಿಶ್ರಾಂತಿ ಸಿಗುತ್ತದೆ, ಇಲ್ಲೇ ಎರಡೂ ಟೈರನ್ನು ಒಮ್ಮೆ ನೋಡಿ, ತೋಡುಗಳಲ್ಲಿ ಸಿಕ್ಕಿದ ಕಲ್ಲು ಕಿತ್ತು ಹಾಕಿ.

ಹುಲಿಕಲ್ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿ ತಡೆಯಲಿ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಬಿಡುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ತಿರುವಿನಲ್ಲಿ ಬಿಟ್ಟುಬಿಡಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಚಾಳಿ ಘಾಟಿಯಲ್ಲಿ ಕೂಡದು. ಏರುತ್ತಿರುವ ವಾಹನಕ್ಕೆ ದಾರಿ ಬಿಡುವುದು ನಿಯಮವೂ ಹೌದು, ಮರ್ಯಾದೆಯೂ ಹೌದು.

ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಕೆಳಗಿನಿಂದ ಹತ್ತುವಾಗ ಎಡ ತಿರುವೇ ಕಷ್ಟ. ಒಳ ಸುತ್ತು ತೀರ ಕಿರಿದು, ತೀರ ಕಡಿದು. ತಿರುವಿಗೆ ಮೊದಲೇ ಒಂದನೇ ಗೇರಿಗೆ ಬಂದು, ಕಣ್ಣನ್ನು ರಸ್ತೆ ಮುಂದೆ ತೆರೆದುಕೊಳ್ಳುವ ಕಡೆ ಇಟ್ಟು, ಆಕ್ಸಿಲರೇಟರನ್ನು ಒಂದೇ ಸಮ ಹಿಡಿಯಿರಿ. ನಡುವೆ ಗೇರ್ ಬದಲಿಸಲು ಹೋದರೆ ಗಾಡಿ ನಿಂತು ಎಡಕ್ಕೆ ಮಗುಚುತ್ತದೆ. ದುಂಡಗಿನ ಹೊಸ ಟೈರಿನ ಬೆಲೆ ಗೊತ್ತಾಗುವುದು ಇಲ್ಲೇ: ಗಾಡಿ ಎಲ್ಲೂ ತೊಡರದೆ ಒಂದೇ ಸಮನೆ ಬಾಗಿ, ಒಂದೇ ಸಮನೆ ಏಳುತ್ತದೆ. ಜೋರು ಮಳೆಗಾಲದಲ್ಲಿ ಭೂಕುಸಿತದಿಂದ ಈ ಘಾಟಿ ಮುಚ್ಚುವುದುಂಟು, ಹೆಬ್ರಿಯಲ್ಲೇ ವಿಚಾರಿಸಿಕೊಳ್ಳಿ. ಸಿಂಗಳೀಕಗಳು ರಸ್ತೆಗೆ ಬಂದರೆ ತಿನ್ನಲು ಏನೂ ಕೊಡಬೇಡಿ. ಕೊಟ್ಟ ಕೈಯಿಂದಲೇ ಅವು ಗಾಡಿಗಳ ಅಡಿಗೆ ಬರುವುದನ್ನು ಕಲಿಯುತ್ತವೆ.

ಮಳೆಗಾಲದಲ್ಲಿ ಕಾಲಿಗೆ ಉಂಬಳ ಹತ್ತುತ್ತದೆ, ಅದರಿಂದ ಅಪಾಯವೇನಿಲ್ಲ. ಡಿಸೆಂಬರಿನಿಂದ ಮೇ ತನಕದ ಒಣ ಕಾಲದಲ್ಲಿ ಮಾತ್ರ ಕಾಡಿನೊಳಗೆ ತರಗೆಲೆ ಮೇಲೆ ಕೂರುವುದು, ಮಲಗುವುದು ಬೇಡ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, ಈಗಲೂ ಪ್ರತಿವರ್ಷ ಕಾಣಿಸಿಕೊಳ್ಳುತ್ತದೆ. ಉದ್ದ ಪ್ಯಾಂಟು, ಸಾಕ್ಸ್ ಹಾಕಿ, ಕಾಡಿನೊಳಗೆ ಹೋಗದೆ ರಸ್ತೆಯ ಬದಿಯಲ್ಲೇ ನಿಂತು ವಿಶ್ರಮಿಸಿ.

ಮನೆಗೆ ಬಂದ ಮೇಲೆ

ಮರುದಿನ ಬೆಳಿಗ್ಗೆ ತಣ್ಣಗಿನ ಟೈರಿನ ಗಾಳಿ ನೋಡಿ. ಹೊರಟಾಗಿನದಕ್ಕಿಂತ ಮೂರು ನಾಲ್ಕು ಪಿಎಸ್‌ಐ ಕಡಿಮೆಯಿದ್ದರೆ ಎಲ್ಲೋ ಸಣ್ಣ ಮುಳ್ಳಿದೆ, ಇಲ್ಲವೇ ವಾಲ್ವ್ ಸೋರುತ್ತಿದೆ. ವಾಲ್ವಿನ ಬಾಯಿಗೆ ಎಂಜಲೋ ಸಾಬೂನು ನೀರೋ ಹಚ್ಚಿದರೆ ಗುಳ್ಳೆ ಎದ್ದು ಹೇಳುತ್ತದೆ. ಆಕ್ಸಲ್ ನಟ್ಟು, ಚೈನಿನ ಸಡಿಲ ಮತ್ತೊಮ್ಮೆ ನೋಡಿ. ಕಡ್ಡಿಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿ. ಮಂಕಾದ ಸದ್ದು ಬರುವ ಕಡ್ಡಿ ಸಡಿಲವಾಗಿದೆ. ತೆಗೆದ ಹಳೆಯ ಟೈರನ್ನು ಹಿತ್ತಲಿಗೆ ಎಸೆಯಬೇಡಿ, ಅದರಲ್ಲಿ ನಿಂತ ಮಳೆನೀರು ಡೆಂಗಿ ಸೊಳ್ಳೆಯ ತವರು. ಹೊಸದನ್ನು ಕೊಂಡ ಅಂಗಡಿಗೇ ಕೊಡಿ, ಅಥವಾ ಗುಜರಿಗೆ ಹಾಕಿ.